"ಇವತ್ತು ಬೇಡ ಸಾಹೇಬ್ರೆ" ಅನ್ನೋರು ಯಾರು?

ಅರಬೈಲ್ ಘಟ್ಟದಲ್ಲಿ ಮಂಜು ಬಿದ್ದರೆ ಹೇಗಿರುತ್ತದೆ ಅಂತ ಯಲ್ಲಾಪುರದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮುಂದೆ ಹೋಗುತ್ತಿದ್ದ ಲಾರಿಯ ಕೆಂಪು ದೀಪ ಹತ್ತು ಮಾರು ದೂರದಲ್ಲಿ ಇತ್ತು ಅನ್ನುವಷ್ಟರಲ್ಲಿ ಇಲ್ಲ. ರಸ್ತೆ ಎಲ್ಲಿ, ಕಂದಕ ಎಲ್ಲಿ, ದೇವರೇ ಬಲ್ಲ.

ಕಳೆದ ಮಳೆಗಾಲದ ಒಂದು ಸಂಜೆ ಅಂಕೋಲೆಯಿಂದ ಮೇಲೆ ಬರುತ್ತಿದ್ದ ಬಸ್ಸನ್ನು ಡ್ರೈವರು ಒಂದು ತಿರುವಿನ ಈಚೆ, ಸ್ವಲ್ಪ ಅಗಲವಿದ್ದ ಕಡೆ ತಂದು ನಿಲ್ಲಿಸಿದರು. ಇದ್ದಬದ್ದ ದೀಪವನ್ನೆಲ್ಲ ಹೊತ್ತಿಸಿ ಕೈಕಟ್ಟಿ ಕೂತುಬಿಟ್ಟರು. ಹತ್ತು ನಿಮಿಷ ಯಾರೂ ಏನೂ ಅನ್ನಲಿಲ್ಲ. ಆಮೇಲೆ ಶುರುವಾಯಿತು ನೋಡಿ. ನಂದೊಳ್ಳಿಗೆ ಹೋಗುವ ಕಡೇ ಬಸ್ಸು ತಪ್ಪುತ್ತದೆ ಅಂತ ಒಬ್ಬರು. ಅಂಗಡಿ ಬಾಗಿಲು ಹಾಕಲಿಕ್ಕೆ ಹುಡುಗ ಕಾಯ್ತಾ ಇದ್ದಾನೆ ಅಂತ ಇನ್ನೊಬ್ಬರು. ಹಿಂದಿನ ಸೀಟಿನಿಂದ ಒಬ್ಬ ಮಹನೀಯರು, "ಇಷ್ಟಕ್ಕೆಲ್ಲ ನಿಲ್ಲಿಸಿದ್ರೆ ಬಸ್ಸು ಯಾಕೆ ಬಿಡಬೇಕು?" ಅಂತ ಕೂಗಿದರು.

ಡ್ರೈವರು ತಿರುಗಿಯೂ ನೋಡಲಿಲ್ಲ. "ರಸ್ತೆ ಕಂಡ್ರೆ ಹೋಗ್ತೇನೆ. ಕಾಣದಿದ್ರೆ ಹೋಗೋದಿಲ್ಲ. ಬೇಕಾದ್ರೆ ನೀವೇ ಬನ್ನಿ, ಸ್ಟೇರಿಂಗ್ ಹಿಡೀರಿ" ಅಂದರು. ಯಾರೂ ಹೋಗಲಿಲ್ಲ.

ನನ್ನ ಪಕ್ಕದಲ್ಲಿ ನಂದೊಳ್ಳಿಯ ಹಿರಿಯರೊಬ್ಬರು ಕೂತಿದ್ದರು. ಕಡೇ ಬಸ್ಸು ತಪ್ಪುವವರಲ್ಲಿ ಅವರೂ ಒಬ್ಬರು. "ಅಂವ ಹೇಳದು ಸರಿ ಇದ್ದು ಮಾರಾಯಾ. ಹೊರಗೆ ಎಂತದೂ ಕಾಣ್ತಿಲ್ಲೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು ಒಂದು ಪ್ರಶ್ನೆ ಕೇಳಿದರು. "ಇಂವ ಬದಿಗೆ ನಿಲ್ಸಿದ. ಈ ಹೆಲಿಕಾಪ್ಟರಿನವು ಮೋಡ ಬಂದ್ರೆ ಎಲ್ಲಿ ನಿಲ್ಸ್ತ?"

ಒಳ್ಳೇ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಿಕೊಂಡು ಹೋದರೆ ನಲ್ಲಮಲ ಕಾಡು ಸಿಗುತ್ತದೆ.

ಬೆಳಿಗ್ಗೆ 8-38

ನಲ್ಲಮಲ ನಮಗೆ ತೀರಾ ಪರದೇಶವಲ್ಲ. ಯುಗಾದಿ ಹೊತ್ತಿಗೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಜನ ಕಂಬಳಿ ಹೆಗಲಿಗೆ ಹಾಕಿಕೊಂಡು ಶ್ರೀಶೈಲದ ಮಲ್ಲಯ್ಯನ ದರ್ಶನಕ್ಕೆ ನಡೆದು ಹೋಗುವುದು ಇದೇ ಕಾಡಿನೊಳಗೆ. ಆತ್ಮಕೂರು ದಾಟಿ, ನಾಗಲೂಟಿ, ಭೀಮನಕೊಳ್ಳ, ಕೈಲಾಸ ಬಾಗಿಲು. ಕಾಲಿಗೆ ಬೊಬ್ಬೆ ಬಂದವರನ್ನು ಕೇಳಿ, ಆ ಗುಡ್ಡದ ಏರಿಳಿತ ಎಂಥದ್ದು ಅಂತ ಹೇಳುತ್ತಾರೆ. ನಮ್ಮವರು ವರ್ಷಾ ಹೋಗಿಬರುವ ಮಂತ್ರಾಲಯವೂ ಆ ಕರ್ನೂಲು ಜಿಲ್ಲೆಯದ್ದೇ.

2009ರ ಸೆಪ್ಟೆಂಬರ್ 2, ಬುಧವಾರ. ಆಗಿನ್ನೂ ಆಂಧ್ರ ಎರಡು ಹೋಳಾಗಿರಲಿಲ್ಲ. ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ ಬೆಳಿಗ್ಗೆ 8 ಗಂಟೆ 38 ನಿಮಿಷಕ್ಕೆ ಹೈದರಾಬಾದಿನ ಬೇಗಂಪೇಟೆಯಿಂದ ಹೆಲಿಕಾಪ್ಟರ್ ಹತ್ತಿ ಹೊರಟರು. ಅದೇ ವರ್ಷ ಮೇ ತಿಂಗಳಲ್ಲಿ ಎರಡನೇ ಸಲ ಗೆದ್ದು ಬಂದಿದ್ದ ಮನುಷ್ಯ, ವಯಸ್ಸು 60. ಹೋಗುತ್ತಿದ್ದುದು ಚಿತ್ತೂರು ಜಿಲ್ಲೆಯ ಒಂದು ಹಳ್ಳಿಗೆ. ಕಾರ್ಯಕ್ರಮದ ಹೆಸರು 'ರಚ್ಚಬಂಡ'. ನಮ್ಮ ಕಡೆ ಅರಳಿಕಟ್ಟೆ ಅಂತೀವಲ್ಲ, ಅದೇ. ಕಟ್ಟೆ ಮೇಲೆ ಕೂತು, ರೇಷನ್ ಬಂತಾ, ಪಿಂಚಣಿ ಬಂತಾ ಅಂತ ಜನರನ್ನೇ ಕೇಳುವ ಯೋಜನೆ. ಶುರುವಾಗಬೇಕಾಗಿದ್ದದ್ದು ಆ ದಿನವೇ.

ಹೆಲಿಕಾಪ್ಟರು ಬೆಲ್ 430. ಎರಡು ಇಂಜಿನ್ನಿನ ಹಗುರ ಜಾತಿಯದ್ದು, ಆಂಧ್ರ ಸರ್ಕಾರದ್ದೇ. ಒಳಗೆ ಐದು ಮಂದಿ: ಮುಖ್ಯಮಂತ್ರಿ, ಅವರ ಪ್ರಧಾನ ಕಾರ್ಯದರ್ಶಿ, ಮುಖ್ಯ ಭದ್ರತಾ ಅಧಿಕಾರಿ, ಇಬ್ಬರು ಪೈಲಟ್‌ಗಳು. ಮಳೆಗಾಲ. ದಾರಿಯಲ್ಲಿ ದಟ್ಟ ಮೋಡ. ಕೃಷ್ಣಾ ನದಿ ದಾಟಿದರೆ ನಲ್ಲಮಲ.

ಹತ್ತೂವರೆ ಹೊತ್ತಿಗೆ ಚಿತ್ತೂರು ಮುಟ್ಟಬೇಕಿತ್ತು. ಮುಟ್ಟಲಿಲ್ಲ. ಫೋನೂ ಇಲ್ಲ, ರೇಡಿಯೋನೂ ಇಲ್ಲ. ಎಲ್ಲೋ ಇಳಿದಿದ್ದಾರೆ, ರಸ್ತೆ ಮೇಲೆ ಬರ್ತಾ ಇದ್ದಾರೆ ಅಂತಲೂ ಸುದ್ದಿ ಹಬ್ಬಿತು. ಅವತ್ತು ಟಿವಿ ಇಟ್ಟ ಅಂಗಡಿಗಳ ಮುಂದೆ ಜನ ಹೇಗೆ ನಿಂತಿದ್ದರು ಅಂತ ಹುಬ್ಬಳ್ಳಿ, ಬಳ್ಳಾರಿ ಕಡೆಯವರಿಗೆ ಈಗಲೂ ನೆನಪಿದೆ. ಒಂದು ರಾಜ್ಯದ ಮುಖ್ಯಮಂತ್ರಿ ಹಗಲು ಹೊತ್ತಿನಲ್ಲಿ ಕಾಣೆಯಾಗಿದ್ದಾರೆ! ಕೇಳಿದ್ದೀರಾ ಎಲ್ಲಾದರೂ?

ವಾಯುಪಡೆಯ ವಿಮಾನಗಳು ಬಂದವು, ಸುಖೋಯ್ ಬಂತು, ಬಾಹ್ಯಾಕಾಶ ಇಲಾಖೆಯ ಸರ್ವೇ ವಿಮಾನ ಬಂತು. ಕೆಳಗೆ ಸಿಆರ್‌ಪಿಎಫ್, ಪೊಲೀಸರು, ಕಾಡಿನ ದಾರಿ ಬಲ್ಲ ಚೆಂಚು ಜನ. ಮಳೆ ನಿಲ್ಲಲಿಲ್ಲ. ರಾತ್ರಿಯಾಯಿತು. ಮಾರನೇ ದಿನ ಬೆಳಿಗ್ಗೆ ಹೆಲಿಕಾಪ್ಟರಿನ ಚೂರುಗಳು ಒಂದು ಗುಡ್ಡದ ಮೈಮೇಲೆ ವಾಯುಪಡೆಯವರ ಕಣ್ಣಿಗೆ ಬಿದ್ದವು. ಕರ್ನೂಲಿಗೆ ಪೂರ್ವಕ್ಕೆ ಸುಮಾರು 74 ಕಿಲೋಮೀಟರು. ಸರ್ಕಾರಿ ಕಾಗದದಲ್ಲಿ ರುದ್ರಕೊಂಡ, ಊರವರ ಬಾಯಲ್ಲಿ ಪಾವುರಾಲ ಗುಟ್ಟ, ಅಂದರೆ ಪಾರಿವಾಳದ ಗುಡ್ಡ. ಐದೂ ಮಂದಿ ಹೋಗಿಬಿಟ್ಟಿದ್ದರು.

ಆರು ನಿಮಿಷ

ಸತ್ತವರು ದೊಡ್ಡವರಾದರೆ ಕಾರಣವೂ ದೊಡ್ಡದೇ ಇರಬೇಕು ಅಂತ ನಮ್ಮ ಜನರ ಲೆಕ್ಕ. ಒಳಸಂಚು, ಬಾಂಬು, ಶತ್ರುಗಳು, ಏನೇನೋ ಹುಟ್ಟಿದವು. 2010ರ ಜನವರಿಯಲ್ಲಿ ಎಲ್ಲಿಂದಲೋ ತಂದ ಗಾಳಿಸುದ್ದಿಯನ್ನು ಟಿವಿಯಲ್ಲಿ ಹಾಕಿದ್ದೇ ಹಾಕಿದ್ದು, ಆಂಧ್ರದ ಊರೂರಿನಲ್ಲಿ ಒಂದು ಕಂಪನಿಯ ಅಂಗಡಿಗಳಿಗೆ ಕಲ್ಲು ಬಿತ್ತು. ಗಾಜು ಒಡೆಸಿಕೊಂಡ ಅಂಗಡಿಯ ಕೆಲಸದ ಹುಡುಗರಿಗೆ ಹೆಲಿಕಾಪ್ಟರಿಗೂ ತಮಗೂ ಏನು ಸಂಬಂಧ ಅಂತಲೇ ಗೊತ್ತಿದ್ದಿರಲಿಕ್ಕಿಲ್ಲ.

ಕೇಂದ್ರ ಸರ್ಕಾರ ತನಿಖೆಗೆ ಸಮಿತಿ ಮಾಡಿತ್ತು. ಪವನ್ ಹನ್ಸ್ ಹೆಲಿಕಾಪ್ಟರ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಆರ್.ಕೆ. ತ್ಯಾಗಿ ಅದರ ಅಧ್ಯಕ್ಷರು. ಪೈಲಟ್‌ಗಳ ಮಾತು ದಾಖಲಾಗುವ ಯಂತ್ರ ಸಿಕ್ಕಿತ್ತು. ಅದನ್ನು ಕೇಳಿ, ಚೂರುಗಳನ್ನು ನೋಡಿ ಸಮಿತಿ ಬರೆದ ಕಾರಣ ಸಂಚಿಗಿಂತ ಬಹಳ ಸಣ್ಣದು. ಸಣ್ಣದು ಅನ್ನುವುದೇ ಹೆದರಿಕೆ ಹುಟ್ಟಿಸುವ ಸಂಗತಿ.

ಏನಾಯಿತು? ಹಾರುತ್ತಿರುವಾಗ ಗೇರ್‌ಬಾಕ್ಸಿನ ಎಣ್ಣೆ ಒತ್ತಡದ ಬಗ್ಗೆ ಒಂದು ಎಚ್ಚರಿಕೆ ಬಂತು. ಪೈಲಟ್‌ಗಳು ತುರ್ತು ಸಮಯದ ಕೈಪಿಡಿ ತೆಗೆದರು. ಇಂಥ ಎಚ್ಚರಿಕೆ ಬಂದರೆ ಏನು ಮಾಡಬೇಕು ಅಂತ ಅದರಲ್ಲಿ ಹುಡುಕತೊಡಗಿದರು. ಹುಡುಕಿದ್ದು ಒಂದು ನಿಮಿಷ ಅಲ್ಲ, ಎರಡು ನಿಮಿಷ ಅಲ್ಲ, ಆರು ನಿಮಿಷಕ್ಕೂ ಹೆಚ್ಚು. ಆ ಹೊತ್ತಿನಲ್ಲಿ ಹೊರಗಿನ ಹವೆ ಎಷ್ಟು ಕೆಟ್ಟಿದೆ ಅಂತ ಗಮನಿಸುವುದಕ್ಕಾಗಲಿಲ್ಲ, ಎದುರಿನ ಮೀಟರುಗಳ ಮೇಲೂ ಸರಿಯಾಗಿ ಕಣ್ಣಿಡಲಾಗಲಿಲ್ಲ. ಮೋಡದೊಳಗೆ ಬಲವಾಗಿ ಕೆಳಕ್ಕೆ ಸುರಿಯುವ ಗಾಳಿಗೆ ಹೆಲಿಕಾಪ್ಟರು ಸಿಕ್ಕಿತು. ಹಿಡಿತ ತಪ್ಪಿ ಭಾರೀ ವೇಗದಲ್ಲಿ ಗುಡ್ಡಕ್ಕೆ ಬಡಿಯಿತು.

ಹೆಲಿಕಾಪ್ಟರು ಬೀಳಲಿಕ್ಕೆ ಕಾರಣ ಅಂತ ಸಮಿತಿ ಬರೆದದ್ದು ಎಣ್ಣೆಯನ್ನಲ್ಲ, ಆ ಗಾಳಿಯನ್ನು. ಎಣ್ಣೆ ಮಾಡಿದ್ದು ಇಷ್ಟೇ: ಇಬ್ಬರ ತಲೆಯನ್ನೂ ಪುಸ್ತಕದೊಳಗೆ ಬಗ್ಗಿಸಿತು.

ಆರು ನಿಮಿಷ ಅಂದರೆ ಎಷ್ಟು? ಚಹಾ ಕುಡಿದು ಗ್ಲಾಸು ಇಡುವ ಹೊತ್ತು. ಗಂಟೆಗೆ 240 ಕಿಲೋಮೀಟರು ಹಿಡಿದರೂ ಅಷ್ಟರಲ್ಲಿ 24 ಕಿಲೋಮೀಟರು ಹೋಗಿರುತ್ತದೆ. ಹೆಚ್ಚುಕಡಿಮೆ ಯಲ್ಲಾಪುರದಿಂದ ಕಿರವತ್ತಿ. ಅಷ್ಟು ದೂರ ಬಸ್ಸಿನ ಡ್ರೈವರೂ ಕಂಡಕ್ಟರೂ ಇಬ್ಬರೂ ಟಿಕೆಟಿನ ಲೆಕ್ಕ ನೋಡುತ್ತಾ ಹೋದರೆ ನೀವು ಸುಮ್ಮನೆ ಕೂರುತ್ತೀರಾ?

ಹಾಗಂತ ಪೈಲಟ್‌ಗಳನ್ನು ಬೈಯಲಿಕ್ಕೆ ಇದನ್ನು ಬರೆಯುತ್ತಿಲ್ಲ. ಅನುಭವಸ್ಥರು, ಒಬ್ಬರು ವಾಯುಪಡೆಯಲ್ಲಿ ಗ್ರೂಪ್ ಕ್ಯಾಪ್ಟನ್ ಆಗಿದ್ದವರು. ಎಚ್ಚರಿಕೆ ಬಂದಾಗ ಪುಸ್ತಕ ನೋಡುವುದು ತಪ್ಪಲ್ಲ. ಬಿಸಿಲಿದ್ದ ದಿನ ಆಗಿದ್ದರೆ ಒಬ್ಬರು ಹೊರಗೆ ನೋಡುತ್ತಾ, ಒಬ್ಬರು ಪುಸ್ತಕ ನೋಡುತ್ತಾ ಎಲ್ಲೋ ಒಂದು ಹೊಲದಲ್ಲಿ ಇಳಿಸಿಬಿಡುತ್ತಿದ್ದರೋ ಏನೋ. ಮೋಡ ಕೊಲ್ಲುವುದು ಹೀಗೆ. ತಾನೊಂದೇ ಬರುವುದಿಲ್ಲ. ಇನ್ನೊಂದು ಸಣ್ಣ ತೊಂದರೆ ಬರಲಿ ಅಂತ ಕಾಯುತ್ತದೆ.

ಎಲ್ಲಿ ನಿಲ್ಲಿಸುತ್ತಾರೆ?

ಈಗ ನಂದೊಳ್ಳಿಯವರ ಪ್ರಶ್ನೆಗೆ ಬರೋಣ. ಹೆಲಿಕಾಪ್ಟರು ಇದ್ದಲ್ಲೇ ನಿಲ್ಲಬಲ್ಲದು, ನೇರ ಕೆಳಗೆ ಇಳಿಯಬಲ್ಲದು. ಮತ್ತೇನು ಕಷ್ಟ?

ಕಷ್ಟ ಇಷ್ಟೇ. ಇಳಿಯಬೇಕಾದರೆ ನೆಲ ಕಾಣಬೇಕು. ಇದ್ದಲ್ಲೇ ನಿಲ್ಲಬೇಕಾದರೂ ಏನಾದರೂ ಒಂದು ಕಾಣಬೇಕು: ಮರ, ಗುಡ್ಡದ ಅಂಚು, ದೂರದ ದಿಗಂತ. ಸುತ್ತ ಬೆಳ್ಳಗೆ ಹತ್ತಿ ತುಂಬಿದ ಹಾಗಾದರೆ ತಾನು ನಿಂತಿದ್ದೇನೋ, ಓರೆಯಾಗಿದ್ದೇನೋ, ಜಾರುತ್ತಿದ್ದೇನೋ ಅಂತ ಮನುಷ್ಯನ ಮೈಗೆ ಗೊತ್ತಾಗುವುದಿಲ್ಲ. ನಮ್ಮ ಕಿವಿಯೊಳಗೆ ಸಮತೋಲ ಹೇಳುವ ಒಂದು ವ್ಯವಸ್ಥೆ ಇದೆ. ಕಣ್ಣಿನ ಸಹಾಯ ಇಲ್ಲದಿದ್ದರೆ ಅದು ಸುಳ್ಳು ಹೇಳುತ್ತದೆ. ಜಾತ್ರೆಯ ತೊಟ್ಟಿಲಿನಲ್ಲಿ ಕಣ್ಣು ಮುಚ್ಚಿ ಕೂತವರಿಗೆ ಇದು ಗೊತ್ತು. ವಿಮಾನ ಓರೆಯಾಗಿ ಸುತ್ತುತ್ತಾ ಕೆಳಗಿಳಿಯುತ್ತಿದ್ದರೂ ಪೈಲಟ್‌ಗೆ ನೆಟ್ಟಗೆ ಹೋಗುತ್ತಿದ್ದೇನೆ ಅಂತಲೇ ಅನಿಸುತ್ತದೆ.

1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷೆ ಮಾಡಿ ನೋಡಿದರು. ಬರೀ ಮೀಟರು ನೋಡಿ ಹಾರಿಸುವ ತರಬೇತಿ ಇಲ್ಲದ 20 ಮಂದಿಯನ್ನು ಸಣ್ಣ ವಿಮಾನದಲ್ಲಿ ಕೂರಿಸಿ, ಹೊರಗೇನೂ ಕಾಣದ ಹಾಗೆ ಮಾಡಿದರು. ಪಕ್ಕದಲ್ಲಿ ಗುರುಗಳಿದ್ದರು, ಅಪಾಯವಾಗಲಿಲ್ಲ ಬಿಡಿ. ಆದರೆ 20ಕ್ಕೆ 20 ಮಂದಿಯ ಕೈಯಲ್ಲೂ ವಿಮಾನ ಹಿಡಿತ ತಪ್ಪಿತು. ಸರಾಸರಿ ಎಷ್ಟು ಹೊತ್ತಿಗೆ? 178 ಸೆಕೆಂಡಿಗೆ. ಮೂರು ನಿಮಿಷಕ್ಕೆ ಎರಡು ಸೆಕೆಂಡು ಕಮ್ಮಿ. ಆ ಪರೀಕ್ಷೆ ಮಾಡಿದವರು ಕಲಿಸಹೊರಟಿದ್ದು ಒಂದೇ ವಿದ್ಯೆ. ಮೋಡಕ್ಕೆ ಸಿಕ್ಕಿದರೆ ಗಾಬರಿಯಾಗದೆ, ಮೀಟರು ನೋಡುತ್ತಾ, ಬಂದ ದಾರಿಗೆ ಹಿಂದಿರುಗುವುದು.

ತರಬೇತಿ ಇದ್ದವರು ಮೀಟರು ನಂಬಿ ಮೋಡದಲ್ಲೂ ಹಾರುತ್ತಾರೆ, ದೊಡ್ಡ ವಿಮಾನಗಳು ದಿನಾ ಹಾರುವುದಿಲ್ಲವೇ? ಅವು ಹಾರುವುದು ಮೂವತ್ತು ಸಾವಿರ ಅಡಿಯ ಮೇಲೆ, ಇಳಿಯುವುದು ದಾರಿ ತೋರಿಸುವ ಯಂತ್ರ ಇರುವ ನಿಲ್ದಾಣದಲ್ಲಿ. ಹೆಲಿಕಾಪ್ಟರು, ಸಣ್ಣ ವಿಮಾನ ಹಾಗಲ್ಲ. ಗುಡ್ಡದ ನೆತ್ತಿ ಸವರಿಕೊಂಡು ಹೋಗಬೇಕು, ಶಾಲೆಯ ಮೈದಾನದಲ್ಲಿ ಇಳಿಯಬೇಕು. ಅದರ ಮೇಲೆ ಗುಡುಗಿನ ಮೋಡ ಬಂದರೆ ಕೇಳುವುದೇ ಬೇಡ. ಅದರೊಳಗೆ ಒಂದು ಕಡೆ ಗಾಳಿ ಬುಸುಗುಟ್ಟಿ ಮೇಲೇರುತ್ತದೆ, ಇನ್ನೊಂದು ಕಡೆ ಮಳೆಯ ಜೊತೆ ತಣ್ಣಗಿನ ಗಾಳಿ ಕೊಡ ಬಗ್ಗಿಸಿದ ಹಾಗೆ ಕೆಳಕ್ಕೆ ಸುರಿಯುತ್ತದೆ. ಅದರ ಸೆಳೆತ ನಿಮಿಷಕ್ಕೆ ಸಾವಿರಾರು ಅಡಿ ಇರಬಹುದು. ಕೆಳಗೆ ಗುಡ್ಡ ಇದ್ದರೆ ಸುಧಾರಿಸಿಕೊಳ್ಳಲು ಅಷ್ಟು ಅಡಿ ಇರುವುದೇ ಇಲ್ಲ.

ಒಬ್ಬರಲ್ಲ, ಇಬ್ಬರಲ್ಲ

ರಾಜಶೇಖರ ರೆಡ್ಡಿ ಮೊದಲಿಗರೂ ಅಲ್ಲ, ಕೊನೆಯವರೂ ಅಲ್ಲ. 1994ರ ಜುಲೈ 9ರಂದು ಪಂಜಾಬಿನ ರಾಜ್ಯಪಾಲ ಸುರೇಂದ್ರನಾಥ್ ಕುಟುಂಬ ಸಮೇತ ಹಿಮಾಚಲದ ಗುಡ್ಡಕ್ಕೆ ಬಡಿದು ಹೋದರು. ಮಳೆಗಾಲ, ಸಣ್ಣ ವಿಮಾನ. 2002ರ ಮಾರ್ಚ್ 3ರಂದು ಲೋಕಸಭೆಯ ಸ್ಪೀಕರ್ ಬಾಲಯೋಗಿ ಭೀಮಾವರದಿಂದ ಹೈದರಾಬಾದಿಗೆ ಹೊರಟವರು ಕೈಕಲೂರಿನ ಹತ್ತಿರ ಮೀನಿನ ಕೆರೆಯಲ್ಲಿ ಹೆಣವಾದರು. ಬೆಳಗಿನ ಹೊತ್ತು, ಮಬ್ಬು.

ಮಾಧವರಾವ್ ಸಿಂಧಿಯಾ ಅವರದ್ದು ಕೇಳಿದರೆ ಹೊಟ್ಟೆ ಚುರ್ ಅನ್ನುತ್ತದೆ. ಅವರು ಕೇಂದ್ರದಲ್ಲಿ ವಿಮಾನಯಾನ ಮಂತ್ರಿ ಆಗಿದ್ದಾಗ, 1993ರ ಜನವರಿಯಲ್ಲಿ ಬಾಡಿಗೆಗೆ ತಂದಿದ್ದ ಒಂದು ವಿಮಾನ ದೆಹಲಿಯಲ್ಲಿ ಕೆಟ್ಟ ಹವೆಯಲ್ಲಿ ಇಳಿಯಲು ಹೋಗಿ ನೆಲಕ್ಕಪ್ಪಳಿಸಿತು. ಒಬ್ಬರೂ ಸಾಯಲಿಲ್ಲ. ಆದರೂ ಹೊಣೆ ನನ್ನದು ಅಂತ ರಾಜೀನಾಮೆ ಕೊಟ್ಟರು. ಹೀಗೆ ಕುರ್ಚಿ ಬಿಟ್ಟ ಮಂತ್ರಿಗಳನ್ನು ಬೆರಳಲ್ಲಿ ಎಣಿಸಬಹುದು. ಅದೇ ಮನುಷ್ಯ 2001ರ ಸೆಪ್ಟೆಂಬರ್ 30ರಂದು ಕಾನ್ಪುರದ ಸಭೆಗೆ ಅಂತ ಸಣ್ಣ ಕಿಂಗ್ ಏರ್ ವಿಮಾನದಲ್ಲಿ ದೆಹಲಿಯಿಂದ ಹೊರಟರು. ಉತ್ತರಪ್ರದೇಶದ ಮೈನ್‌ಪುರಿ ಜಿಲ್ಲೆಯಲ್ಲಿ, ಕೆಟ್ಟ ಹವೆಯಲ್ಲಿ, ವಿಮಾನ ಹೊಲಕ್ಕೆ ಬಿದ್ದು ಸುಟ್ಟುಹೋಯಿತು. ಎಂಟು ಮಂದಿ. ಅದರಲ್ಲಿ ನಾಲ್ವರು ಸುದ್ದಿ ಬರೆಯಲು, ಚಿತ್ರ ತೆಗೆಯಲು ಹೊರಟಿದ್ದ ನಮ್ಮ ವೃತ್ತಿಯವರು.

ನಮಗೆ ಹತ್ತಿರದ್ದು ಅಂದರೆ ಕೂನೂರು. 2021ರ ಡಿಸೆಂಬರ್ 8. ಸೇನಾಪಡೆಗಳ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಇದ್ದ ವಾಯುಪಡೆಯ ದೊಡ್ಡ ಹೆಲಿಕಾಪ್ಟರು ಸೂಲೂರಿನಿಂದ 11-48ಕ್ಕೆ ಹಾರಿತು. 12-15ಕ್ಕೆ ವೆಲ್ಲಿಂಗ್ಟನ್ನಿನಲ್ಲಿ ಇಳಿಯಬೇಕು. 12-08ಕ್ಕೆ ಸಂಪರ್ಕ ಕಡಿಯಿತು. ಇನ್ನು ಏಳೇ ನಿಮಿಷ ಇತ್ತು. ಕಣಿವೆಯ ಹವೆ ದಿಢೀರನೆ ಬದಲಾಗಿ ಮೋಡದೊಳಗೆ ಹೊಕ್ಕು ಪೈಲಟ್‌ಗೆ ದಿಕ್ಕು ತಪ್ಪಿತು ಅಂತ ತನಿಖೆಯವರು ಹೇಳಿದರು. ಯಂತ್ರ ಕೆಟ್ಟಿರಲಿಲ್ಲ. 14 ಮಂದಿಯಲ್ಲಿ ಉಳಿದಿದ್ದ ಒಬ್ಬರೇ ಅಧಿಕಾರಿ, ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್, ಬೆಂಗಳೂರಿನ ಸೇನಾ ಆಸ್ಪತ್ರೆಯಲ್ಲಿ ಒಂದು ವಾರ ಹೋರಾಡಿ ಡಿಸೆಂಬರ್ 15ರಂದು ತೀರಿಕೊಂಡರು.

ಹಾಗಾದರೆ ಸೌಂದರ್ಯ? ಅಂತ ಕೇಳುವವರಿದ್ದೀರಿ. 2004ರ ಏಪ್ರಿಲ್ 17ರಂದು ಜಕ್ಕೂರಿನಿಂದ ಚುನಾವಣಾ ಪ್ರಚಾರಕ್ಕೆ ಹೊರಟು, ಏರಿದ ಕೆಲವೇ ಹೊತ್ತಿನಲ್ಲಿ ಸೆಸ್ನಾ ವಿಮಾನದೊಂದಿಗೆ ಬೆಂದುಹೋದ ನಟಿಯನ್ನು ಯಾವ ಕನ್ನಡಿಗ ಮರೆತಾನು? ಆದರೆ ಅದು ಮಳೆ-ಮೋಡದ ಕೇಸಲ್ಲ. ಇಲ್ಲಿಗೆ ಸೇರಿಸುವುದು ಸರಿಯಾಗದು.

ಬೇಡ ಅನ್ನುವ ಬಾಯಿ

ಕಾನೂನಿನಲ್ಲಿ ಗೊಂದಲವಿಲ್ಲ. ವಿಮಾನ ಹಾರಬೇಕೋ ಬೇಡವೋ, ಮುಂದೆ ಹೋಗಬೇಕೋ ಹಿಂದಿರುಗಬೇಕೋ, ಕೊನೇ ಮಾತು ಮುಖ್ಯ ಪೈಲಟ್‌ದು. ಹಿಂದಿನ ಸೀಟಿನಲ್ಲಿ ಪ್ರಧಾನಿ ಕೂತಿರಲಿ, ಪರಮೇಶ್ವರನೇ ಕೂತಿರಲಿ.

ಕಾಗದದ ಮಾತಾಯಿತು. ನಿಜದಲ್ಲಿ ಏನು? ಅತ್ತ ಸಭೆಯಲ್ಲಿ ಹತ್ತು ಸಾವಿರ ಜನ ಬಿಸಿಲಲ್ಲೋ ಮಳೆಯಲ್ಲೋ ಕಾದಿರುತ್ತಾರೆ. ಶಾಲೆಯ ಮೈದಾನದಲ್ಲಿ ಸುಣ್ಣದಲ್ಲಿ 'ಎಚ್' ಅಂತ ಬರೆದು, ಫೈರ್ ಇಂಜಿನ್ ನಿಲ್ಲಿಸಿ, ತಹಶೀಲ್ದಾರರು ಕೊಡೆ ಹಿಡಿದು ನಿಂತಿರುತ್ತಾರೆ. ಇತ್ತ ಆಪ್ತ ಕಾರ್ಯದರ್ಶಿ ಗಡಿಯಾರ ನೋಡುತ್ತಾರೆ. ಸಂಬಳ ಕೊಡುವವರು ಹಿಂದೆ ಕೂತಿರುವಾಗ ಆ ಪೈಲಟ್ ಬಾಯಿಂದ "ಇವತ್ತು ಬೇಡ ಸಾಹೇಬ್ರೆ" ಅನ್ನುವ ಮೂರು ಮಾತು ಬರುವುದು ಅಷ್ಟು ಸುಲಭವೇ? ಹೋಗಲೇಬೇಕು ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಗಡಿಯಾರ ನೋಡಿದರೆ ಸಾಕು.

ಬೇಡ ಅಂದವರೂ ಇದ್ದಾರೆ, ಅವರ ಸುದ್ದಿ ಎರಡೇ ದಿನಕ್ಕೆ ಹಳೇದಾಗುತ್ತದೆ. 2023ರ ಮಾರ್ಚ್ 6ರಂದು ಕಲಬುರಗಿ ಜಿಲ್ಲೆಯ ಜೇವರ್ಗಿಯಲ್ಲಿ ಯಡಿಯೂರಪ್ಪನವರ ಹೆಲಿಕಾಪ್ಟರು ಇಳಿಯುವಾಗ ಮೈದಾನದ ಪ್ಲಾಸ್ಟಿಕ್ ಚೀಲ, ಕಸ ಎಲ್ಲ ಎದ್ದು ಹಾರಾಡಿತು. ಇನ್ನೇನು ನೆಲ ಮುಟ್ಟಬೇಕು ಅನ್ನುವಾಗ ಪೈಲಟ್ ಇಳಿಸದೆ ಮೇಲೆತ್ತಿಕೊಂಡು ಹೋದರು. ಕಸ ತೆಗೆಸಿದ ಮೇಲೆ ಬಂದು ಇಳಿಸಿದರು. ಸಭೆ ಸ್ವಲ್ಪ ತಡವಾಗಿರಬಹುದು, ಅಷ್ಟೆ.

ನಮ್ಮ ಜಿಲ್ಲೆಗೆ ದೊಡ್ಡವರು ಓಡಿ ಬರುವುದು ಯಾವಾಗ? ಚುನಾವಣೆಗೆ, ಇಲ್ಲವೇ ಗುಡ್ಡ ಕುಸಿದಾಗ. 2021ರ ಜುಲೈಯಲ್ಲಿ ಕಳಚೆ ಕುಸಿದಾಗ ಆಕಾಶ ಹೇಗಿತ್ತು ನೆನಪು ಮಾಡಿಕೊಳ್ಳಿ. ಗುಡ್ಡ ಕುಸಿಯುವುದೇ ಹಾರಬಾರದಂಥ ದಿನ. ಹವೆ ಅಳೆಯುವ ಕಚೇರಿ ಇರುವುದು ವಿಮಾನ ನಿಲ್ದಾಣದಲ್ಲಿ. ಹುಬ್ಬಳ್ಳಿಯಲ್ಲಿ ಚೊಕ್ಕ ಬಿಸಿಲು ಅಂತ ವರದಿ ಬರುತ್ತದೆ. ಹುಬ್ಬಳ್ಳಿಯಲ್ಲಿ ಬಿಸಿಲಿದ್ದಾಗ ಯಲ್ಲಾಪುರದಲ್ಲಿ ಏನಿರುತ್ತದೆ ಅಂತ ಆ ಬಸ್ಸಿಗೆ ದಿನಾ ಓಡಾಡುವ ನಿಮಗೆ ಗೊತ್ತು. ಕಿರವತ್ತಿ ದಾಟುವವರೆಗೆ ಒಣ ರಸ್ತೆ, ಆಮೇಲೆ ಕಿಟಕಿ ಎಳೆಯಲಿಕ್ಕೆ ಪುರಸೊತ್ತಿಲ್ಲ. ಹೀಗಿರುವಾಗ, ಮಂತ್ರಿಗಳು ರಸ್ತೆ ಮೇಲೆ ನಾಲ್ಕು ತಾಸು ತಡವಾಗಿ ಬಂದರೆ ನಾವು ಪತ್ರಿಕೆಯವರು 'ಬಾರದ ಮಂತ್ರಿ' ಅಂತ ಹೆಡ್ಡಿಂಗ್ ಹಾಕುತ್ತೇವೆ. ನಾನೂ ಹಾಕಿದ್ದೇನೆ, ಸುಳ್ಳು ಯಾಕೆ ಹೇಳಲಿ.

ನಲ್ಲಕಾಲುವ ಅಂತ ಒಂದು ಹಳ್ಳಿ, ಆತ್ಮಕೂರಿನ ಹತ್ತಿರ. ಆ ಭಾಗ ಈಗ ಹೊಸ ನಂದ್ಯಾಲ ಜಿಲ್ಲೆಗೆ ಸೇರಿದೆ. ಅಲ್ಲಿ ರಾಜಶೇಖರ ರೆಡ್ಡಿಯವರ ನೆನಪಿಗೆ ದೊಡ್ಡ ವನ ಮಾಡಿದ್ದಾರೆ. ಅವರ ಜೊತೆ ಹೋದ ನಾಲ್ವರ ಮನೆಯವರೂ ಅವತ್ತು ಊಟಕ್ಕೆ ಕಾದಿದ್ದರು ಅಂತ ನೆನಪಿಸಿಕೊಳ್ಳುವವರು ಕಮ್ಮಿ.

ಇಷ್ಟನ್ನೂ ನಂದೊಳ್ಳಿಯ ಹಿರಿಯರಿಗೆ ಆ ಬಸ್ಸಿನಲ್ಲೇ ಹೇಳಿದೆ ಅಂತಲ್ಲ. ಒಂದಷ್ಟು ಹೇಳಿದೆ, ಉಳಿದದ್ದು ಮನೆಗೆ ಬಂದು ಹುಡುಕಿದ್ದು. ಮೂವತ್ತೈದು ನಿಮಿಷದ ಮೇಲೆ ಮಂಜು ಸ್ವಲ್ಪ ಸರಿಯಿತು, ಲಾರಿಯ ಕೆಂಪು ದೀಪ ಮತ್ತೆ ಕಂಡಿತು, ಬಸ್ಸು ಹೊರಟಿತು. ಯಲ್ಲಾಪುರ ಮುಟ್ಟುವಾಗ ನಂದೊಳ್ಳಿಯ ಬಸ್ಸು ಹೋಗಿ ಬಹಳ ಹೊತ್ತಾಗಿತ್ತು. ಕೂಗಾಡಿದ್ದ ಮಹನೀಯರು ಯಾರ ಮುಖವನ್ನೂ ನೋಡದೆ ಇಳಿದು ಹೋದರು. ನಮ್ಮ ಹಿರಿಯರು ಮಾತ್ರ ಇಳಿದವರು ಸುತ್ತು ಹಾಕಿ ಡ್ರೈವರ ಕಿಟಕಿಯ ಹತ್ತಿರ ಹೋದರು, ಸಂಚಿ ಬಿಚ್ಚಿ, "ತಗಳಿ, ಒಂದು ಕವಳ ಹಾಕಿ" ಅಂತ ಎಲೆ-ಅಡಿಕೆ ಕೊಟ್ಟು, ಆಟೋ ಹುಡುಕಲು ಹೊರಟರು.